ಕಚೇರಿಯ ಟೆಂಪ್ಲೇಟ್: ಮೂಲ ಪ್ರತಿ ಕೆಡದಂತೆ ಕಾಯುವ ಬಗೆ

ಕಚೇರಿಯಲ್ಲಿ ಹತ್ತಾರು ಮಂದಿ ಬಳಸುವ ನೋಟಿಸಿನ ನಮೂನೆಯನ್ನೇ ತೆರೆದು ಒಬ್ಬರು ಹೆಸರು, ಮೊತ್ತ ತುಂಬಿ 'ಸೇವ್' ಒತ್ತಿದರೆ ಮೂಲ ಪ್ರತಿ ಅಲ್ಲಿಗೆ ಮುಗಿಯಿತು. ಮರುದಿನ ಇನ್ನಾರಿಗೋ ಹೋಗುವ ನೋಟಿಸಿನಲ್ಲಿ ಹಿಂದಿನವರ ಬಾಕಿ ಮೊತ್ತ ಉಳಿದುಬಿಡುವ ಅಪಾಯವಿದೆ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಇದಕ್ಕೆ ಮುಖ್ಯ ಕಾರಣ, ನಮೂನೆಯನ್ನು ಸಾಮಾನ್ಯ ಕಡತವಾಗಿ ಇಟ್ಟಿರುವುದು. ಅದನ್ನು 'ಸೇವ್ ಆ್ಯಸ್' ಮೂಲಕ ಟೆಂಪ್ಲೇಟ್ ಆಗಿ ಉಳಿಸಬೇಕು. 2003ರ ಆವೃತ್ತಿಯವರೆಗೆ ಇಂತಹ ಕಡತದ ಹೆಸರು 'ಡಿಓಟಿ' ಎಂದು ಕೊನೆಗೊಳ್ಳುತ್ತಿತ್ತು. 2007ರಿಂದ 'ಡಿಓಟಿಎಕ್ಸ್', ಮ್ಯಾಕ್ರೋ ಇದ್ದಲ್ಲಿ 'ಡಿಓಟಿಎಂ'. ಇದರ ಮೇಲೆ ಎರಡು ಬಾರಿ ಕ್ಲಿಕ್ಕಿಸಿದರೆ ಮೂಲದ ಬದಲು ಅದನ್ನು ಆಧರಿಸಿದ ಹೊಸ ಕಡತ ತೆರೆಯುತ್ತದೆ. ಉಳಿಸುವಾಗ ಹೊಸ ಹೆಸರು ಕೇಳುತ್ತದೆ.

ಆದರೆ ವರ್ಡ್‌ನೊಳಗಿಂದ 'ಓಪನ್' ಎಂದರೆ ತೆರೆಯುವುದು ಮೂಲವೇ. ಎಡವಟ್ಟುಗಳು ಆಗುವುದು ಇಲ್ಲಿಯೇ. ಕಡತಕ್ಕೆ 'ರೀಡ್ ಓನ್ಲಿ' ಗುರುತು ಹಾಕಿದರೆ ಕೈತಪ್ಪಿನ ಸೇವ್ ತಪ್ಪುತ್ತದೆ, ಆದರೆ ತಿದ್ದುವ ಅನುಮತಿ ಉಳ್ಳವರು ಯಾರೇ ಆದರೂ ಆ ಗುರುತನ್ನು ತೆಗೆಯಬಲ್ಲರು. ಫೋಲ್ಡರಿಗೆ 'ಮುಟ್ಟಬೇಡಿ' ಎಂದು ಹೆಸರಿಡುವುದಂತೂ ವ್ಯರ್ಥ. ಸರ್ವರ್‌ನಲ್ಲಿ ಆ ಫೋಲ್ಡರಿನ ಅನುಮತಿಯನ್ನೇ ಬದಲಿಸಿ, ಎಲ್ಲರಿಗೂ ಓದುವ ಹಕ್ಕು, ಒಬ್ಬಿಬ್ಬರಿಗೆ ಮಾತ್ರ ತಿದ್ದುವ ಹಕ್ಕು ನೀಡುವುದೇ ಗಟ್ಟಿಯಾದ ಉಪಾಯ. ನಂತರ ಪ್ರತಿ ಗಣಕದ ವರ್ಡ್‌ನಲ್ಲಿ 'ಆಪ್ಷನ್ಸ್', 'ಅಡ್ವಾನ್ಸ್ಡ್', 'ಫೈಲ್ ಲೊಕೇಷನ್ಸ್'ಗೆ ಹೋಗಿ 'ವರ್ಕ್‌ಗ್ರೂಪ್ ಟೆಂಪ್ಲೇಟ್ಸ್' ಎಂಬಲ್ಲಿ ಅದೇ ಫೋಲ್ಡರನ್ನು ತೋರಿಸಬೇಕು. ಆಗ ನಮೂನೆಗಳು 'ನ್ಯೂ' ಪುಟದಲ್ಲೇ ಸಿಗುವುದರಿಂದ 'ಓಪನ್' ಗೊಡವೆ ಇರದು.

ತಿದ್ದುವ ಹಕ್ಕುಳ್ಳವರೂ ಎಡವಬಹುದಾದ್ದರಿಂದ, ಪ್ರತಿ ಬದಲಾವಣೆಗೆ ಮುನ್ನ ಹಳೆಯ ನಮೂನೆಯ ಪ್ರತಿಯೊಂದನ್ನು ದಿನಾಂಕ ನಮೂದಿಸಿ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳತಕ್ಕದ್ದು.