ಡೋಲು ಬೇಕು, ಡೋಲಿನವರು ಬೇಡ

ಕೆರಿಬಿಯನ್ ಕಡಲ ದಂಡೆಗೆ ಬನ್ನಿ ಅಂತ ಕರೆಯೋ ಜಾಹೀರಾತುಗಳಲ್ಲಿ ಮೂರು ಚಿತ್ರ ಇದ್ದೇ ಇರುತ್ತವೆ. ತೆಂಗಿನ ಮರ, ಬೆಳ್ಳನೆ ಮರಳು, ಡೋಲು ಬಡಿಯುವ ಒಬ್ಬ ಕಪ್ಪು ಮನುಷ್ಯ. ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುತ್ತಾರೆ. ಆ ಮರ ಯಾರು ನೆಟ್ಟದ್ದು, ಆ ಮರಳು ಯಾರದ್ದು, ಆ ಮನುಷ್ಯ ಅಲ್ಲಿಗೆ ಹೇಗೆ ಬಂದ ಅನ್ನೋದನ್ನ ಮಾತ್ರ ಬರೆದಿರುವುದಿಲ್ಲ. ಆ ಡೋಲಿನವರು ಗರಿಫುನ ಜನ. ಬೆಲೀಜ್, ಗ್ವಾಟೆಮಾಲ, ಹೊಂಡುರಾಸ್, ನಿಕರಾಗುವ ಈ ನಾಲ್ಕು ದೇಶಗಳ ದಂಡೆಯುದ್ದಕ್ಕೂ ಅವರ ಊರುಗಳಿವೆ. ಅವರ ಸಂಸ್ಕೃತಿಯಲ್ಲಿ ನಾಲ್ಕು ದಿನ ಮುಳುಗೇಳಿ ಅಂತ ಕಾಸಿದ್ದವರನ್ನ ಕೂಗಿ ಕರೆಯುತ್ತಾರೆ.

ಓದಿಗೆ, ಕೆಲಸಕ್ಕೆ ಅಮೆರಿಕದ ಕಡೆ ಹೋದ ನಮ್ಮ ಹುಡುಗರೂ ರಜೆಯಲ್ಲಿ ಆ ದಂಡೆಯಲ್ಲಿ ಇದ್ದು ಬರೋ ಯೋಚನೆ ಮಾಡಬಹುದು. ಮಾಡಲಿ. ಬೇಡ ಅನ್ನೋರು ನಾವಲ್ಲ. ಆದರೆ ಹೊರಡೋ ಗಂಟಿನಲ್ಲಿ ಬಟ್ಟೆಬರೆಯ ಜೊತೆ ಆ ಜನರ ಚರಿತ್ರೆಯೂ ಇರಲಿ. ಅದಕ್ಕೇ ಈ ಲೇಖನ.

ಕೆರಿಬಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ ಸೇಂಟ್ ವಿನ್ಸೆಂಟ್ ಅನ್ನೋ ಪುಟ್ಟ ದ್ವೀಪವಿದೆ. ಗರಿಫುನರ ಬಾಯಲ್ಲಿ ಅದು ಯುರುಮೆಯಿನ್. ಅಲ್ಲಿನ ಮೂಲನಿವಾಸಿಗಳು ಕಲಿನಾಗೊ ಜನ. ಯೂರೋಪಿನವರು ಅವರನ್ನ ‘ಕೆರಿಬ್’ ಅಂದರು. ಕೊಲಂಬಸ್ಸನ ಕಾಲದಲ್ಲಿ ಆ ಹೆಸರನ್ನೇ ತಿರುಚಿ ನರಭಕ್ಷಕ ಅನ್ನೋ ಅರ್ಥದ ‘ಕ್ಯಾನಿಬಲ್’ ಪದ ಹುಟ್ಟಿಸಿದರು. ನೆಲ ಕಿತ್ತುಕೊಳ್ಳಬೇಕಾದರೆ ಮೊದಲು ನೆಲದವರ ಹೆಸರಿಗೆ ಮಸಿ ಬಳಿಯಬೇಕು. ಒಡೆಯರಿಗೆ ಇದು ಹಳೇ ಪಾಠ.

17ನೇ ಶತಮಾನದಲ್ಲಿ ಈ ದ್ವೀಪಕ್ಕೆ ಆಫ್ರಿಕದ ಜನ ಬಂದು ಸೇರಿದರು. ಗುಲಾಮರನ್ನ ಹೊತ್ತ ಹಡಗು ಒಡೆದು ಈಜಿ ದಡ ಹತ್ತಿದವರು ಕೆಲವರು. ಪಕ್ಕದ ಬಾರ್ಬಡೋಸಿನ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡು, ಗಾಳಿ ನೂಕಿದ ಕಡೆ ತೇಲಿ ಬಂದವರು ಕೆಲವರು. ಇವರೂ ಕಲಿನಾಗೊಗಳೂ ಬೆರೆತರು. ಆಫ್ರಿಕದ ಮೈಬಣ್ಣ, ಅಮೆರಿಕದ ಮೂಲನಿವಾಸಿಗಳ ಭಾಷೆ, ಇಬ್ಬರದೂ ಕೂಡಿದ ದೇವರು, ಅಡುಗೆ, ಹಾಡು. ಹೀಗೆ ಹುಟ್ಟಿದ್ದು ಗರಿಫುನ ಜನಾಂಗ. ಸುತ್ತಮುತ್ತಲ ದ್ವೀಪಗಳಲ್ಲಿ ಕಪ್ಪು ಮನುಷ್ಯ ಅಂದರೆ ಚಾಟಿಯ ಕೆಳಗಿನ ಗುಲಾಮ. ಇಲ್ಲಿ ಮಾತ್ರ ಅವನು ತನ್ನ ನೆಲ ಉತ್ತು, ತನ್ನ ಗೆಣಸು ಕಿತ್ತು ತಿನ್ನುವ ಸ್ವತಂತ್ರ ಮನುಷ್ಯ. ತೋಟದೊಡೆಯರ ನಿದ್ದೆ ಕೆಡಿಸಲು ಅಷ್ಟೇ ಸಾಕಾಗಿತ್ತು.

1763ರಲ್ಲಿ ಪ್ಯಾರಿಸ್ಸಿನಲ್ಲಿ ಕೂತು ದೊರೆಗಳು ಒಂದು ಒಪ್ಪಂದ ಮಾಡಿಕೊಂಡರು. ಸೇಂಟ್ ವಿನ್ಸೆಂಟ್ ಬ್ರಿಟಿಷರ ಪಾಲಾಯಿತು. ಅಲ್ಲಿದ್ದವರನ್ನ ಯಾರೂ ಕೇಳಲಿಲ್ಲ. ಒಳ್ಳೇ ಕಬ್ಬಿನ ನೆಲವೆಲ್ಲ ಗರಿಫುನರಿದ್ದ ಪೂರ್ವದ ದಂಡೆಯಲ್ಲಿತ್ತು. ನೆಲ ಅಳೆಯುವವರು ಸರಪಣಿ ಹಿಡಿದು ಬಂದರು. ಗರಿಫುನರು ತಡೆದರು. 1769ರಿಂದ 1773ರವರೆಗೆ ಯುದ್ಧ ನಡೆಯಿತು. ಗೆಲ್ಲಲಾಗದ ಬ್ರಿಟಿಷರು ದ್ವೀಪದ ಉತ್ತರ ಭಾಗ ಅವರಿಗೇ ಸೇರಿದ್ದು ಅಂತ ರಾಜಿಗೆ ಬಂದರು. ಆ ರಾಜಿಪತ್ರವನ್ನ ಕೊನೆಗೆ ಮುರಿದದ್ದು ಕಬ್ಬಿನ ಆಸೆ.

1795ರ ಮಾರ್ಚಿನಲ್ಲಿ ಎರಡನೇ ಯುದ್ಧ ಶುರುವಾಯಿತು. ಫ್ರೆಂಚರ ಬೆಂಬಲವೂ ಇತ್ತು. ಗರಿಫುನರ ನಾಯಕ ಸಾಟುಯೆ. ಬ್ರಿಟಿಷರ ಕಾಗದಗಳಲ್ಲಿ ಇವನು ಜೋಸೆಫ್ ಚಾಟೋಯರ್. ಮಾರ್ಚ್ 14ರಂದು ಡಾರ್ಸೆಟ್‌ಶೈರ್ ಅನ್ನೋ ಗುಡ್ಡದ ಮೇಲೆ ಅವನು ಕಾದಾಡಿ ಸತ್ತ. ಅದೇ ವರ್ಷ ಲಂಡನ್ನಿನಲ್ಲಿ ವಿಲಿಯಂ ಯಂಗ್ ಅನ್ನೋನು ಈ ಜನರ ಬಗ್ಗೆ ಒಂದು ಪುಸ್ತಕ ಅಚ್ಚು ಹಾಕಿಸಿದ. ಕಪ್ಪು ಕೆರಿಬರು ಹೊರಗಿನಿಂದ ಬಂದವರು, ಈ ನೆಲದ ಮೇಲೆ ಅವರಿಗೆ ಹಕ್ಕಿಲ್ಲ, ಅವರನ್ನ ಸಾಗಿಸಿಬಿಡಬೇಕು ಅನ್ನೋದು ಅದರ ವಾದ. ಈ ವಿಲಿಯಂ ಯಂಗ್ ಯಾರು? ಸೇಂಟ್ ವಿನ್ಸೆಂಟಿನಲ್ಲೇ ತೋಟವಿದ್ದ ಒಡೆಯ. ಅವನಪ್ಪ ಆ ದ್ವೀಪದ ನೆಲ ಮಾರಲು ಬಂದಿದ್ದ ಅಧಿಕಾರಿ. ಬಹಳ ಕಾಲ ಈ ಜನರ ಚರಿತ್ರೆಗೆ ಇವನ ಪುಸ್ತಕವೇ ಆಧಾರವಾಗಿತ್ತು. ಗರಿಫುನರು ಪುಸ್ತಕ ಬರೆಯಲಿಲ್ಲ. ಅವರ ಚರಿತ್ರೆ ಹಾಡಿನಲ್ಲಿ ಉಳಿಯಿತು.

ಸಾಟುಯೆ ಸತ್ತ ಮೇಲೂ ಹೋರಾಟ ವರ್ಷಕ್ಕೂ ಹೆಚ್ಚು ನಡೆಯಿತು. ಬ್ರಿಟಿಷರು ಮನೆ ಸುಟ್ಟರು, ದೋಣಿ ಒಡೆದರು, ಬೆಳೆ ಕಿತ್ತರು. ಹಸಿವು ಅವರನ್ನ ಸೋಲಿಸಿತು. 1796ರಲ್ಲಿ ಸೆರೆ ಸಿಕ್ಕ 4,000ಕ್ಕೂ ಹೆಚ್ಚು ಜನರನ್ನ ಬಾಲಿಸೋ ಅನ್ನೋ, ಕುಡಿಯಲು ನೀರೂ ಇಲ್ಲದ ಚಿಕ್ಕ ನಡುಗಡ್ಡೆಗೆ ತಂದು ಸುರಿದರು. ಕೆಲವೇ ತಿಂಗಳಲ್ಲಿ ಅರ್ಧದಷ್ಟು ಜನ ರೋಗ ಬಂದು ಸತ್ತರು. ಉಳಿದವರನ್ನ ಮೈಬಣ್ಣ ನೋಡಿ ವಿಂಗಡಿಸಿದರು. ಬಣ್ಣ ತಿಳಿಯಾಗಿ ಕಂಡವರನ್ನ ದ್ವೀಪಕ್ಕೆ ವಾಪಸ್ ಕಳಿಸಿ, ಕಪ್ಪಗಿದ್ದವರನ್ನ ಹಡಗು ಹತ್ತಿಸಿದರು. ಒಂದೇ ಮಾತಾಡುವ, ಒಂದೇ ಗೆಣಸು ತಿನ್ನುವ ಜನರನ್ನ ಚರ್ಮ ನೋಡಿ ಎರಡು ಮಾಡಿದರು. ಇದೇನು ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1797ರ ಏಪ್ರಿಲ್ 12ರಂದು ಸುಮಾರು 2,000 ಜನರನ್ನ ಹೊಂಡುರಾಸಿನ ಎದುರಿನ ರೊವಾತಾನ್ ದ್ವೀಪದಲ್ಲಿ ಇಳಿಸಿ ಹಡಗುಗಳು ಹೊರಟುಹೋದವು. ಸಾಯಲಿ ಅಂತ ಬಿಟ್ಟುಹೋದ ಜಾಗದಿಂದ ಅವರು ಟ್ರುಹಿಯೋ ಬಂದರಿಗೆ ದಾಟಿದರು. ಅಲ್ಲಿಂದ ದಂಡೆ ಹಿಡಿದು ಎರಡೂ ದಿಕ್ಕಿಗೆ ಊರು ಕಟ್ಟುತ್ತ ಹೋದರು. ಇವತ್ತಿನ ಜಾಹೀರಾತಿನ ದಂಡೆ ಇದೇ.

ಇತ್ತ ಖಾಲಿಯಾದ ಸೇಂಟ್ ವಿನ್ಸೆಂಟಿನ ನೆಲದಲ್ಲಿ ಕಬ್ಬು ಬಂತು, ಕಬ್ಬಿಗೆ ಗುಲಾಮರು ಬಂದರು. ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೆ ಒಡೆಯರಿಗೆ ಕೂಲಿಗಳು ಬೇಕಾದರು. 1861ರ ಜೂನ್ 1ರಂದು ‘ತಿರುವಾಂಕೂರು’ ಅನ್ನೋ ಹೆಸರಿನ ಹಡಗು ಮದರಾಸಿನಿಂದ 258 ಜನ ಕರಾರು ಕೂಲಿಗಳನ್ನ ಹೊತ್ತು ಅದೇ ದ್ವೀಪ ಮುಟ್ಟಿತು. ಒಬ್ಬರನ್ನ ಹೊರಹಾಕಿದ ನೆಲಕ್ಕೆ ಇನ್ನೊಬ್ಬರನ್ನ ಬೆನ್ನು ಬಗ್ಗಿಸಲು ತಂದರು. ಆ ದಂಡೆ ನಮಗೆ ಸಂಬಂಧವಿಲ್ಲದ ದೂರದ ದಂಡೆ ಅಂತ ಅನ್ನೋ ಮೊದಲು ಈ ಹಡಗನ್ನ ನೆನೆಯಬೇಕು.

ಬೆಲೀಜಿನ ಮಾತಿಗೆ ಬರೋಣ. ಅಲ್ಲಿಗೆ ದೊಡ್ಡ ಗುಂಪಾಗಿ ಗರಿಫುನರು ಬಂದದ್ದು 1832ರ ನವೆಂಬರ್ 19ರಂದು ಅಂತ ನೆನೆಯುತ್ತಾರೆ. ಬ್ರಿಟಿಷರ ಆಳ್ವಿಕೆಯಲ್ಲಿ ಮರ ಕಡಿದರು, ಮೀನು ಹಿಡಿದರು. ಆಮೇಲೆ ಅವರಲ್ಲಿ ಎಷ್ಟೋ ಜನ ಹಳ್ಳಿ ಮೇಷ್ಟ್ರುಗಳಾದರು. ಒಳನಾಡಿನ ಮಾಯಾ ಜನರ ಹಳ್ಳಿಗಳಲ್ಲೂ ಅಕ್ಷರ ಕಲಿಸಿದವರಲ್ಲಿ ಗರಿಫುನ ಮೇಷ್ಟ್ರುಗಳೇ ಮುಂದು. ಥಾಮಸ್ ವಿನ್ಸೆಂಟ್ ರಾಮೋಸ್ ಅನ್ನೋರು 1941ರಲ್ಲಿ ನವೆಂಬರ್ 19 ನಮ್ಮ ದಿನವಾಗಬೇಕು ಅಂತ ಚಳವಳಿ ಶುರು ಮಾಡಿದರು. 1977ರಲ್ಲಿ ಅದು ಇಡೀ ದೇಶದ ರಜೆಯಾಯಿತು. 2001ರಲ್ಲಿ ಯುನೆಸ್ಕೊ ಗರಿಫುನರ ಭಾಷೆ, ಕುಣಿತ, ಸಂಗೀತಗಳನ್ನ ಮನುಕುಲದ ಪರಂಪರೆ ಅಂತ ಸಾರಿತು. 2002ರಲ್ಲಿ ಸೇಂಟ್ ವಿನ್ಸೆಂಟ್ ಸಾಟುಯೆಯನ್ನ ತನ್ನ ಮೊದಲ ರಾಷ್ಟ್ರವೀರ ಅಂತ ಘೋಷಿಸಿತು. ಖಾಸಗಿಯವರ ಕೈಯಲ್ಲಿದ್ದ ಬಾಲಿಸೋ ನಡುಗಡ್ಡೆಯನ್ನ ಸರ್ಕಾರದ ವಶಕ್ಕೆ ತರುವ ಘೋಷಣೆಗೆ 2025ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಆ ಸುಡುಗಾಡು ಒಬ್ಬರ ಆಸ್ತಿಯಾಗಿತ್ತು.

ಮೆಡಲು ಕೊಡುವುದು ಸುಲಭ. ನೆಲ ಕೊಡುವುದು ಕಷ್ಟ. ಇದನ್ನ ಹೊಂಡುರಾಸಿನಲ್ಲಿ ನೋಡಬೇಕು. ಕಡಲಿನಿಂದ 40 ಕಿಲೋಮೀಟರ್ ಒಳಗಿನ ನೆಲವನ್ನ ಪರದೇಶದವರು ಕೊಳ್ಳಬಾರದು ಅಂತ ಆ ದೇಶದ 1982ರ ಸಂವಿಧಾನದಲ್ಲೇ ಇದೆ. 1990ರಲ್ಲಿ ಒಂದು ಕಾನೂನು ತಂದು, ಪಟ್ಟಣದ ಎಲ್ಲೆಯೊಳಗೆ ಪ್ರವಾಸೋದ್ಯಮಕ್ಕಾದರೆ ಕೊಳ್ಳಬಹುದು ಅಂತ ಬಾಗಿಲು ತೆಗೆದರು. ಅದಕ್ಕೆ ಹಿಂದಿನ ವರ್ಷವೇ ತೇಲ ಪಟ್ಟಣದ ಎಲ್ಲೆಯನ್ನ ಹಿಗ್ಗಿಸಿ ಟ್ರಿಯುಂಫೊ ದೆ ಲಾ ಕ್ರೂಸ್ ಅನ್ನೋ ಗರಿಫುನ ಊರಿನ ನೆಲವನ್ನ ಒಳಗೆ ಸೇರಿಸಿಕೊಂಡಿದ್ದರು. ಆ ನೆಲ ಮಾರಾಟವಾಯಿತು. ಊರಿನವರು ಕೋರ್ಟಿಗೆ ಹೋದರು. 2015ರಲ್ಲಿ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕುಗಳ ನ್ಯಾಯಾಲಯ, ಸರ್ಕಾರ ಈ ಸಮುದಾಯದ ಸಾಮೂಹಿಕ ಒಡೆತನದ ಹಕ್ಕನ್ನ ಮುರಿದಿದೆ ಅಂತ ತೀರ್ಪು ಕೊಟ್ಟಿತು. 2023ರಲ್ಲಿ ಪಕ್ಕದ ಸಾನ್ ಹುವಾನ್ ಊರಿನ ಪರವಾಗಿಯೂ ತೀರ್ಪು ಬಂತು. ಈ ಎರಡು ತೀರ್ಪುಗಳ ನಡುವೆ, 2020ರ ಜುಲೈ 18ರ ಬೆಳಿಗ್ಗೆ, ಪೊಲೀಸರ ಉಡುಪು ತೊಟ್ಟ ಬಂದೂಕುಧಾರಿಗಳು ಟ್ರಿಯುಂಫೊಗೆ ನುಗ್ಗಿ ಊರಿನ ಮುಖಂಡನೂ ಸೇರಿ ನಾಲ್ಕು ಜನ ಗರಿಫುನ ಯುವಕರನ್ನ ಎಳೆದೊಯ್ದರು. ಅವರು ಮನೆಗೆ ಮರಳಲಿಲ್ಲ. ಡೋಲಿಗೆ ಯುನೆಸ್ಕೊ ಪತ್ರ, ಡೋಲಿನವನಿಗೆ ಬಂದೂಕು. ಇದು ಚರಿತ್ರೆಯ ಪುಸ್ತಕದ ಮಾತಲ್ಲ, ನಿನ್ನೆ ಮೊನ್ನೆಯದು.

ಹಾಗಾದರೆ ಹೋಗಬಾರದೇ? ಹೋಗಬೇಕು, ಕಣ್ಣು ತೆರೆದು ಹೋಗಬೇಕು. ಉಳಿಯೋ ಜಾಗ ಗೊತ್ತು ಮಾಡೋ ಮೊದಲು ಒಂದು ಪ್ರಶ್ನೆ ಕೇಳಿ: ಈ ಕಟ್ಟಡ ನಿಂತಿರೋ ನೆಲ ಮೊದಲು ಯಾರದಾಗಿತ್ತು, ಅವರ ಕೈ ಹೇಗೆ ಬಿಟ್ಟಿತು? ಬೇಲಿ ಹಾಕಿದ ದೊಡ್ಡ ಹೋಟೆಲು ಬಿಟ್ಟು ಬೆಲೀಜಿನ ಹಾಪ್ಕಿನ್ಸ್, ಡಂಗ್ರಿಗ, ಬರಾಂಕೊಗಳಂಥ ಊರುಗಳಲ್ಲಿ ಗರಿಫುನರೇ ನಡೆಸೋ ಮನೆಗಳಲ್ಲಿ ಇರಿ. ನಿಮ್ಮ ದುಡ್ಡು ಆ ಒಲೆಗೆ ಹೋಗಲಿ. ಡಂಗ್ರಿಗದಲ್ಲಿ ಗುಲಿಸಿ ಹೆಸರಿನ ಗರಿಫುನ ವಸ್ತುಸಂಗ್ರಹಾಲಯ ಇದೆ. ಗುಲಿಸಿ ಸಾಟುಯೆಯ ಮಗಳು ಅಂತ ಜನ ಹೇಳುತ್ತಾರೆ. ಅವಳ ಹೆಸರಿನ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್, ಸ್ಪ್ಯಾನಿಷ್ ಜೊತೆಗೆ ಗರಿಫುನ ಭಾಷೆಯನ್ನೂ ಕಲಿಸುತ್ತಾರೆ. ನಮ್ಮ ಮೇಷ್ಟ್ರುಗಳು ಹೋದರೆ ಮೊದಲು ಅಲ್ಲಿಗೆ ಹೋಗಲಿ.

ಹೆಂಗಸರು ಎರೆಬ ಮಾಡುವುದನ್ನ ಕೂತು ನೋಡಿ. ಅದು ಮರಗೆಣಸಿನ ರೊಟ್ಟಿ. ಆ ಕಹಿ ಗೆಣಸಿನಲ್ಲಿ ವಿಷ ಇರುತ್ತದೆ. ತುರಿದು, ಹಾವಿನ ಹಾಗೆ ಉದ್ದಕ್ಕೆ ಹೆಣೆದ ಚೀಲಕ್ಕೆ ತುಂಬಿ, ಎಳೆದು ಹಿಂಡಿ, ವಿಷದ ನೀರು ಬಸಿದು, ಹಿಟ್ಟು ಜರಡಿ ಹಿಡಿದು ಹೆಂಚಿನ ಮೇಲೆ ಸುಡುತ್ತಾರೆ. ಈ ವಿದ್ಯೆ ಯಾವ ಕಾಲೇಜಿನದೂ ಅಲ್ಲ, ಹೆಂಗಸರ ಕೈಯಿಂದ ಕೈಗೆ ಬಂದದ್ದು. ಬಾಳೆಕಾಯಿ ಬೇಯಿಸಿ ಕುಟ್ಟಿದ ಮುದ್ದೆಯನ್ನ ತೆಂಗಿನ ಹಾಲಿನ ಮೀನು ಸಾರಿನ ಜೊತೆ ಕೊಡುತ್ತಾರೆ. ಅದರ ಹೆಸರು ಹುದುತ್. ಮುದ್ದೆ ತಿಂದು ಬೆಳೆದವರಿಗೆ ಉಣ್ಣೋದು ಕಲಿಸಬೇಕಾಗಿಲ್ಲ.

ಸತ್ತ ಹಿರಿಯರಿಗೆ ಎಡೆಯಿಟ್ಟು ಡೋಲು ಬಾರಿಸುತ್ತ ದಿನಗಟ್ಟಲೆ ನಡೆಸೋ ದುಗು ಅನ್ನೋ ಆಚರಣೆ ಇದೆ. ಅದು ಆಟ ಅಲ್ಲ. ಕರೆಯದೆ ಹೋಗಬೇಡಿ, ಕ್ಯಾಮರಾ ಎತ್ತಬೇಡಿ. ನೋಡಲೇಬೇಕಾದ್ದು ಕ್ರಿಸ್‌ಮಸ್ ಹೊತ್ತಿನ ವನರಗುವ ಕುಣಿತ. ಕುಣಿಯುವವರು ಬಿಳಿ ದೊರೆಯ ಮುಖವಾಡ ಹಾಕಿ, ಮಂಡಿಗೆ ಚಿಪ್ಪು ಕಟ್ಟಿ ಅವನನ್ನ ಅಣಕಿಸುತ್ತಾರೆ. ಆ ಕುಣಿತದಲ್ಲಿ ಕಾಲು ಡೋಲಿನ ಮಾತು ಕೇಳೋದಿಲ್ಲ, ಡೋಲೇ ಕಾಲಿನ ಮಾತು ಕೇಳುತ್ತದೆ.

ನವೆಂಬರ್ 19ರ ನಸುಕಿನಲ್ಲಿ ಅಲ್ಲಿದ್ದರೆ ದಂಡೆಗೆ ಹೋಗಿ ನಿಲ್ಲಿ. ಪೂರ್ವಜರು ಬಂದ ಹಾಗೆ ದೋಣಿಗಳು ಬರುತ್ತವೆ. ದೋಣಿಯಲ್ಲಿ ಡೋಲು ಇರುತ್ತದೆ, ಮರಗೆಣಸಿನ ಕಡ್ಡಿ ಇರುತ್ತದೆ. ದಡದಲ್ಲಿ ಜನ ಹಾಡುತ್ತಾರೆ. ಆ ಗೆಣಸಿನ ಕಡ್ಡಿ ಕಡೆ ನೋಡಿ. ಅದು ನೆಡೋದಕ್ಕೆ ತಂದದ್ದು. ನೆಡೋದಕ್ಕೆ ನೆಲ ಬೇಕು.