ಏನು

ವಸ್ತು, ವಿಷಯಗಳನ್ನು ಕೇಳುವ ಪ್ರಶ್ನಾರ್ಥಕ ಸರ್ವನಾಮ. ಹಳಗನ್ನಡದ ರೂಪ ‘ಏನ್’. ತೆಲುಗಿನ ‘ಏಮಿ’ ಇದರ ಸೋದರ ಪದ. ಎರಡೂ ಭಾಷೆ ಬಳಕೆಯಲ್ಲಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ‘ಏನಪ್ಪಾ’, ‘ಏಮಪ್ಪಾ’ ಜೊತೆಜೊತೆಗೆ ಕೇಳಿಬರುತ್ತವೆ. ಅಲ್ಲಿ ಅವು ಪ್ರಶ್ನೆಯಲ್ಲ, ಮಾತಿಗೆಳೆಯುವ ಕರೆ.

ಈ ಭಾಗದ ರೇಷ್ಮೆಗೂಡಿನ ವ್ಯಾಪಾರದಲ್ಲಿ ‘ಏನ್ ರೇಟು?’ ಎಂದರೆ ವಿಚಾರಣೆ, ‘ಏನ್ ರೇಟಪ್ಪಾ!’ ಎಂದರೆ ಬೆರಗು, ಕೆಲವೊಮ್ಮೆ ಹೊಟ್ಟೆಯುರಿ. ಮೊಬೈಲ್ ಬರಹದಲ್ಲಿ ‘ಏನ್ ಗುರು’ ನಮಸ್ಕಾರದ ಬದಲಿ, ‘ಏನಿವಾಗ?’ ಜಗಳದ ಸವಾಲು.

ಎಡವಟ್ಟಾಗುವುದು ‘ಏನೋ’, ‘ಏನೇ’ಗಳಲ್ಲಿ. ಸಂದೇಹ ಸೂಚಿಸುವ ‘ಏನೋ ಗೊತ್ತಿಲ್ಲ’ ಹಿರಿಯರ ಮೊಬೈಲಿಗೆ ಹೋದಾಗ, ದನಿ ಕೇಳಿಸದ ಕಾರಣ, ಏಕವಚನದ ಕರೆಯಂತೆ ಓದಿಸಿಕೊಳ್ಳಬಹುದು. ‘ಏನೇ ಆಗಲಿ’ಯ ‘ಏನೇ’ ಒಂಟಿಯಾಗಿ ನಿಂತರೆ ಹೆಂಗಸರನ್ನು ಸಲಿಗೆಯಿಂದ ಕರೆದಂತಾಗುತ್ತದೆ.