ಧಾರವಾಡಕ್ಕೂ ಪುಣೆಗೂ ನಡುವೆ: ಬೆಳಗಾವಿ–ಖಾನಾಪುರ ಸೀಮೆಯ ವಾಲ್ವ್ ರೇಡಿಯೋ ಮತ್ತು ಟ್ಯೂನಿಂಗ್ ಚರಿತ್ರೆ

ನಮ್ಮಲ್ಲಿ ರೇಡಿಯೋ ಚರಿತ್ರೆ ಎಂದರೆ ಪ್ರಸಾರ ಕೇಂದ್ರಗಳ ಚರಿತ್ರೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಆಕಾಶವಾಣಿ, 1950ರ ಜನವರಿ 8ರಂದು ತೆರೆದ ಧಾರವಾಡ ಕೇಂದ್ರ, ಅಲ್ಲಿ ಹಾಡಿದವರು, ನಾಟಕ ಆಡಿಸಿದವರು: ಇವುಗಳ ಬಗ್ಗೆ ಬರೆಯುವವರಿದ್ದಾರೆ. ಆ ದನಿಯನ್ನು ಮನೆಯಲ್ಲಿ ಕೂತು ಹಿಡಿಯಲು ಕೇಳುಗ ಪಟ್ಟ ಪಾಡು ಮಾತ್ರ ಚರಿತ್ರೆಯ ಪುಟಕ್ಕೆ ಬಂದದ್ದು ಕಡಿಮೆ. ಬೆಳಗಾವಿ ಮತ್ತು ಖಾನಾಪುರದಂಥ ಗಡಿಸೀಮೆಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ, ಏಕೆಂದರೆ ಇಲ್ಲಿ ರೇಡಿಯೋ ಹಚ್ಚುವುದಕ್ಕಿಂತ ಸ್ಟೇಷನ್ ಹಿಡಿಯುವುದೇ ದೊಡ್ಡ ಕೆಲಸವಾಗಿತ್ತು.

ಕಾರಣ ಭೂಗೋಳದಲ್ಲಿದೆ. ಬೆಳಗಾವಿಯಿಂದ ನೇರ ಗೆರೆ ಎಳೆದರೆ ಆಗ್ನೇಯಕ್ಕೆ ಧಾರವಾಡ ಸುಮಾರು 70 ಕಿ.ಮೀ., ಪಶ್ಚಿಮಕ್ಕೆ ಪಣಜಿ 85ರ ಆಸುಪಾಸು, ಉತ್ತರಕ್ಕೆ ಸಾಂಗ್ಲಿ 110, ಪುಣೆ 300ಕ್ಕೂ ಮೇಲೆ, ಮುಂಬಯಿ 400. ಕನ್ನಡಕ್ಕೆ ಧಾರವಾಡ, ಮರಾಠಿಗೆ ಪುಣೆ ಮತ್ತು 1963ರಿಂದ ಸಾಂಗ್ಲಿ, ಕೊಂಕಣಿಗೆ ಗೋವಾ, ಸಿನಿಮಾ ಹಾಡಿಗೆ ರೇಡಿಯೋ ಸಿಲೋನ್. ಹಗಲಿನಲ್ಲಿ ಮಧ್ಯಮ ತರಂಗ ನೆಲ ಹಿಡಿದು ಸಾಗುವುದರಿಂದ ಹತ್ತಿರದ ಕೇಂದ್ರಗಳೇ ಗಟ್ಟಿ. ಹೊತ್ತು ಮುಳುಗಿದ ಮೇಲೆ ಅಯಾನುಗೋಲದ ಕೆಳಪದರ ಕರಗಿ, ಮೇಲ್ಪದರದಿಂದ ಪ್ರತಿಫಲಿಸಿ ದೂರದ ಕೇಂದ್ರಗಳೆಲ್ಲ ಬಂದು ಬೀಳುತ್ತವೆ. ಹೀಗಾಗಿ ಹಗಲು ಖಾಲಿ ಕಂಡ ಡಯಲ್ ರಾತ್ರಿ ಸಂತೆಯಾಗುತ್ತಿತ್ತು.

ಮೊದಲ ಹಂತವನ್ನು ಬೇಗ ಮುಗಿಸಬಹುದು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬಯಿಯಲ್ಲಿ ಆರಂಭಿಸಿದ ಕೇಂದ್ರದ ಶಕ್ತಿ ಬರೀ 1.5 ಕಿಲೋವಾಟ್. ಬೆಳಗಾವಿಗೆ ಅದು ನೆಚ್ಚಿ ಕೂರುವ ಕೇಂದ್ರವಲ್ಲ. ಆ ಕಾಲದ ಸೆಟ್‌ಗಳಲ್ಲಿ ಒಂದರ ಹಿಂದೊಂದು ಟ್ಯೂನ್ ಮಾಡಿದ ವರ್ಧಕ ಹಂತಗಳು, ಪ್ರತಿ ಹಂತಕ್ಕೂ ಬೇರೆ ಗುಂಡಿ. ಮೂರು ಗುಂಡಿಗಳನ್ನೂ ಹೊಂದಿಸಿದರೆ ಮಾತ್ರ ದನಿ. ವಾಲ್ವ್‌ನ ಹೊರಹರಿವಿನ ಒಂದಂಶವನ್ನು ಮತ್ತೆ ಒಳಗೆ ಊಡಿಸುವ ಮರುಪೋಷಣೆಯ ಸೆಟ್‌ಗಳೂ ಇದ್ದವು. ಗುಂಡಿ ಕೂದಲೆಳೆಯಷ್ಟು ಹೆಚ್ಚಾದರೆ ಸೆಟ್ಟೇ ಸಿಳ್ಳೆ ಹಾಕಿ, ಪಕ್ಕದ ಮನೆಯ ರೇಡಿಯೋವನ್ನೂ ಕೆಡಿಸುತ್ತಿತ್ತು.

ಈ ಪಡಿಪಾಟಲು ತಪ್ಪಿಸಿದ್ದು ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟೆರೊಡೈನ್. ಧಾರವಾಡ ಕೇಂದ್ರ ಹುಟ್ಟುವ ಹೊತ್ತಿಗೆ ಮಾರಾಟಕ್ಕಿದ್ದ ಸೆಟ್‌ಗಳೆಲ್ಲ ಹೆಚ್ಚುಕಡಿಮೆ ಈ ಜಾತಿಯವೇ. ಇದರಲ್ಲಿ ಸೆಟ್ಟಿನೊಳಗೇ ಒಂದು ಆಸಿಲೇಟರ್ ಇರುತ್ತದೆ. ಬರುವ ತರಂಗ ಯಾವುದೇ ಇರಲಿ, ಅದಕ್ಕಿಂತ ಆಸಿಲೇಟರ್ ಸಾಮಾನ್ಯವಾಗಿ 455 ಕಿಲೋಸೈಕಲ್ ಮೇಲಿದ್ದು, ಎರಡೂ ಬೆರೆತಾಗ ಸಿಗುವ ಅದೇ 455ನ್ನು ಮುಂದಿನ ಹಂತಗಳು ಸೋಸಿ ಹಿಗ್ಗಿಸುತ್ತವೆ. ಇಂದಿನ ಆವರ್ತನಗಳಲ್ಲೇ ಹೇಳುವುದಾದರೆ, ಧಾರವಾಡದ 765ಕ್ಕೆ ಮುಳ್ಳು ನಿಂತಾಗ ಆಸಿಲೇಟರ್ 1220ರಲ್ಲಿರಬೇಕು. ಪುಣೆಯ 792 ಅಲ್ಲಿಂದ ಬರೀ 27 ದೂರ. ಒಂದೇ ಸುರುಳಿಯ ಹಳೆಯ ಸೆಟ್ಟಿಗೆ ಈ ಎರಡನ್ನು, ಅದೂ ರಾತ್ರಿ ಹೊತ್ತು, ಚೊಕ್ಕವಾಗಿ ಬಿಡಿಸುವುದು ಕಷ್ಟ. ಸೂಪರ್‌ಹೆಟೆರೊಡೈನಿನ 455ರ ಹಂತಗಳು (ಐಎಫ್) ಬಿಡಿಸುತ್ತವೆ.

ಇಲ್ಲಿ ಗ್ಯಾಂಗ್ ಕಂಡೆನ್ಸರ್ ಬಗ್ಗೆ ಸ್ವಲ್ಪ ನಿಧಾನಿಸಬೇಕು. ಒಂದೇ ಅಕ್ಷದ ಮೇಲೆ ಎರಡು ಕಂಡೆನ್ಸರ್: ಒಂದು ಏರಿಯಲ್ ಕಡೆಗೆ, ಇನ್ನೊಂದು ಆಸಿಲೇಟರ್‌ಗೆ. ತಿರುಗುವ ತಗಡುಗಳು ನಿಂತ ತಗಡುಗಳ ಸಂದಿಗೆ ಸರಿದಷ್ಟೂ ಧಾರಕತೆ ಏರಿ ಆವರ್ತನ ಇಳಿಯುತ್ತದೆ. ಮಧ್ಯಮ ತರಂಗದ 540ರಿಂದ 1600ರವರೆಗೆ ಹೋಗಲು ಆವರ್ತನ ಮೂರು ಪಟ್ಟಾಗಬೇಕು, ಅದಕ್ಕೆ ಧಾರಕತೆ ಸುಮಾರು ಒಂಬತ್ತು ಪಟ್ಟು ಬದಲಾಗಬೇಕು. ಆಸಿಲೇಟರ್ ಮಾತ್ರ 995ರಿಂದ 2055ರವರೆಗೆ ಹೋದರೆ ಸಾಕು. ಅದಕ್ಕೆ ಬೇಕಾದದ್ದು ನಾಲ್ಕು ಪಟ್ಟು ಚಿಲ್ಲರೆ. ಒಂದೇ ಅಕ್ಷ, ಎರಡು ಬೇರೆ ಲೆಕ್ಕ! ಇವನ್ನು ಜೊತೆಗೆ ನಡೆಸುವುದಕ್ಕೇ ಪ್ಯಾಡರ್ ಮತ್ತು ಟ್ರಿಮ್ಮರ್ ಎಂಬ ಹೊಂದಾಣಿಕೆಯ ಚಿಕ್ಕ ಕಂಡೆನ್ಸರ್‌ಗಳು. ಹಾಗಿದ್ದೂ ಎರಡು ಮಂಡಲಗಳು ಕರಾರುವಾಕ್ಕಾಗಿ ಕೂಡುವುದು ಡಯಲ್ಲಿನ ಮೂರೇ ಬಿಂದುಗಳಲ್ಲಿ. ಮಿಕ್ಕ ಕಡೆ ಒಪ್ಪಂದವಷ್ಟೇ. ರಿಪೇರಿಯವರು ಅಲೈನ್‌ಮೆಂಟ್ ಮಾಡುವಾಗ ಮೇಲ್ತುದಿಯಲ್ಲಿ ಟ್ರಿಮ್ಮರ್, 600ರ ಸುತ್ತ ಪ್ಯಾಡರ್ ತಿರುಗಿಸಿ, ಮತ್ತೆ ಮೇಲಕ್ಕೆ ಹೋಗಿ ಮೊದಲಿನಿಂದ ಮಾಡುತ್ತಿದ್ದುದು ಇದಕ್ಕಾಗಿಯೇ. ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ.

ಕಿರುತರಂಗದ ಕಥೆ ಇನ್ನೂ ತೊಡಕಿನದು. 1952ರ ನಂತರ, ಬಿ.ವಿ. ಕೇಸ್ಕರ್ ಪ್ರಸಾರ ಖಾತೆಯ ಮಂತ್ರಿಯಾಗಿದ್ದಾಗ, ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬಹುಮಟ್ಟಿಗೆ ನಿಂತು ಕೇಳುಗರು ರೇಡಿಯೋ ಸಿಲೋನಿಗೆ ಹೊರಳಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂದದ್ದು ಅವರನ್ನು ಮರಳಿ ಸೆಳೆಯಲು. ಸಿಲೋನ್ ಸಿಗುತ್ತಿದ್ದ 41 ಮೀಟರ್ ಪಟ್ಟಿಯ ಅಗಲ ಹೆಚ್ಚೆಂದರೆ ಒಂದೆರಡು ನೂರು ಕಿಲೋಸೈಕಲ್. 6ರಿಂದ 18 ಮೆಗಾಸೈಕಲ್ ತನಕ ಒಂದೇ ಏಟಿಗೆ ಹರಡಿದ ಡಯಲ್ ಮೇಲೆ ಅದು ಕೆಲವೇ ಮಿಲಿಮೀಟರ್. ಆ ಜಾಗದಲ್ಲಿ ಹತ್ತಾರು ಕೇಂದ್ರಗಳು. ಜೊತೆಗೆ ನೆರಳು ಕೇಂದ್ರಗಳ ಕಾಟ. 7200ರಲ್ಲಿರುವ ಕೇಂದ್ರ 6290ರಲ್ಲೂ ಕೇಳಿಸಬಹುದು, ಯಾಕೆಂದರೆ ಅಲ್ಲಿ ಆಸಿಲೇಟರ್ 6745ರಲ್ಲಿದ್ದು 7200ಕ್ಕೂ ಅದಕ್ಕೂ ಇರುವ ಅಂತರವೂ 455. ಅಗ್ಗದ ಸೆಟ್ಟಿನ ಏರಿಯಲ್ ಸುರುಳಿಗೆ ಇದನ್ನು ತಡೆಯುವ ತಾಕತ್ತಿಲ್ಲ. ದುಬಾರಿ ಸೆಟ್‌ಗಳು ಬ್ಯಾಂಡ್‌ಸ್ಪ್ರೆಡ್ ಕೊಟ್ಟು, ಒಂದೊಂದು ಮೀಟರ್ ಪಟ್ಟಿಯನ್ನೇ ಡಯಲ್ ತುಂಬ ಹಿಗ್ಗಿಸಿದವು. ವಾಲ್ವ್ ಯುಗದ ಟ್ಯೂನಿಂಗ್ ಸುಧಾರಣೆಗಳಲ್ಲಿ ಗಡಿಸೀಮೆಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ ಎನ್ನುವುದು ನನ್ನ ಅಭಿಪ್ರಾಯ.

ಡಯಲ್ ಗಾಜಿನ ಮೇಲೆ ಹೆಸರೇ ಇಲ್ಲದ ಕೇಂದ್ರವೂ ಈ ಸೀಮೆಯ ಗಾಳಿಯಲ್ಲಿತ್ತು. 1955ರ ನವೆಂಬರ್ 25ರಿಂದ ಗೋವಾ ವಿಮೋಚನೆಯವರೆಗೆ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಗಡಿಯ ಕಾಡಿನಿಂದ ಗುಪ್ತ ರೇಡಿಯೋ ನಡೆಸಿದರು. ಮೊದಲು ಅಂಬೋಲಿ ಘಟ್ಟ, ಆಮೇಲೆ ಕ್ಯಾಸಲ್‌ರಾಕ್. ಖಾನಾಪುರ ತಾಲ್ಲೂಕಿನ ಲೋಂಡಾದಿಂದ ಗೋವಾ ಕಡೆಗೆ ಇಳಿಯುವ ರೈಲುದಾರಿಯಲ್ಲೇ ಈ ಕ್ಯಾಸಲ್‌ರಾಕ್ ಇದೆ. ಪೋರ್ಚುಗೀಸ್ ಮತ್ತು ಕೊಂಕಣಿಯಲ್ಲಿ ಬರುತ್ತಿದ್ದ ಆ ಪ್ರಸಾರವನ್ನು ಹುಡುಕುವವರಿಗೆ ಗಾಜಿನ ಮೇಲಿನ ಊರುಗಳ ಹೆಸರಿನಿಂದ ಏನೂ ಪ್ರಯೋಜನವಿರಲಿಲ್ಲ. ಕಿವಿಯೇ ಗತಿ.

ಕಿವಿಯನ್ನು ದಾರಿ ತಪ್ಪಿಸಿದ ಸುಧಾರಣೆಯೂ ಒಂದಿದೆ. 1920ರ ದಶಕದಲ್ಲಿ ಹೆರಾಲ್ಡ್ ವೀಲರ್ ರೂಪಿಸಿದ ಸ್ವಯಂಚಾಲಿತ ದನಿ ನಿಯಂತ್ರಣ, ಕ್ಷೀಣ ಮತ್ತು ಪ್ರಬಲ ಕೇಂದ್ರಗಳನ್ನು ಒಂದೇ ಮಟ್ಟದಲ್ಲಿ ಕೇಳಿಸಿತು. ಸಾಯಂಕಾಲ ತೇಲಿ ಮುಳುಗುವ ಮುಂಬಯಿಗೆ ಅದು ವರವೇ. ಆದರೆ ಮುಳ್ಳು ಕೇಂದ್ರದ ನಡುವೆ ನಿಂತಿದೆಯೋ ಅಂಚಿನಲ್ಲಿದೆಯೋ ಎಂಬುದು ದನಿಯ ಏರಿಳಿತದಿಂದ ತಿಳಿಯದಾಯಿತು. ಅಂಚಿನಲ್ಲಿ ನಿಂತರೆ ಮಾತು ಒರಟಾಗಿ, ಸಂಗೀತ ಸೀಳುತ್ತದೆ. 1935ರಲ್ಲಿ ಆರ್‌ಸಿಎ ಕಂಪನಿ ಮಾರುಕಟ್ಟೆಗೆ ತಂದ ಮ್ಯಾಜಿಕ್ ಐ ಈ ತೊಡಕಿಗೆ ಉತ್ತರ. ಹಸಿರು ಬೆಳಕಿನ ನಡುವಿನ ನೆರಳು ಅತಿ ಕಿರಿದಾದಾಗ ಟ್ಯೂನಿಂಗ್ ಸರಿ. ಅಲಂಕಾರಕ್ಕೆಂದು ಅದನ್ನು ಇಟ್ಟಿದ್ದರು ಎನ್ನುವವರಿದ್ದಾರೆ. ಕಿವಿ ಕಳೆದುಕೊಂಡ ಅಧಿಕಾರವನ್ನು ಕಣ್ಣಿಗೆ ಕೊಟ್ಟ ಸಾಧನ ಅದು.

ಖಾನಾಪುರದ ಕಡೆ ಹವೆಯೇ ಇನ್ನೊಂದು ಅಡ್ಡಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಮೇಣದ ಕಾಗದದ ಕಂಡೆನ್ಸರ್‌ಗಳು ತೇವ ಹೀರಿ ಸೋರುತ್ತವೆ, ಆಸಿಲೇಟರ್ ಜರುಗುತ್ತದೆ, ಡಯಲ್ ದಾರ ಜಾರಿ ಗುಂಡಿ ತಿರುಗಿದರೂ ಮುಳ್ಳು ಕದಲುವುದಿಲ್ಲ. ವಿದ್ಯುತ್ ಬಾರದ ಹಳ್ಳಿಗಳಿಗೆ ಒಣ ಬ್ಯಾಟರಿಯ ಸೆಟ್. 90 ವೋಲ್ಟಿನ ಆ ಬ್ಯಾಟರಿ ಇಳಿದಾಗ ಆಸಿಲೇಟರ್ ನಿಂತುಬಿಡುತ್ತಿತ್ತು, ಮಿಕ್ಕ ವಾಲ್ವ್‌ಗಳು ಬದುಕಿದ್ದರೂ ಒಂದು ಕೇಂದ್ರವೂ ಸಿಗದು.

1961ರಲ್ಲಿ ಬೆಂಗಳೂರಿನ ಬಿಇಎಲ್ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೋ ವಾಲ್ವ್ ತಯಾರಿಸತೊಡಗಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಅರೆವಾಹಕಗಳೂ ಬಂದವು. ವಾಲ್ವ್‌ನ ಕಾಲ ಸ್ವದೇಶಿಯಾದ ಗಳಿಗೆಯಲ್ಲೇ ಮುಗಿಯತೊಡಗಿತ್ತು. 1978ರ ನವೆಂಬರ್ 23ರಂದು ಆವರ್ತನ ಹಂಚಿಕೆಯ ಜಿನೀವಾ ಯೋಜನೆ ಜಾರಿಯಾಗಿ ನಮ್ಮ ಮಧ್ಯಮ ತರಂಗ ಕೇಂದ್ರಗಳು 9ರ ಗುಣಕಗಳಿಗೆ ಸರಿದವು. ಈಗ ಧಾರವಾಡದ 765 ಎಂದರೆ 9ರ 85 ಪಟ್ಟು. ಮೊದಲೇ ಹೊಂದಿಸಿಟ್ಟ ಒತ್ತುಗುಂಡಿಗಳ ಸೆಟ್‌ಗಳು ಇಂಥ ಸ್ಥಳಾಂತರಕ್ಕೆ ತಬ್ಬಿಬ್ಬಾಗುತ್ತವೆ. ಗ್ಯಾಂಗ್ ತಿರುಗಿಸುವ ಸೆಟ್ಟಿಗೆ ಅದು ಬೆರಳಿನ ಅಲ್ಪ ಚಲನೆ.

ಬೆಳಗಾವಿಯ ಶಹಾಪುರ, ಟಿಳಕವಾಡಿ, ಕ್ಯಾಂಪ್ ಭಾಗದ ಹಳೆಯ ಮನೆಗಳಲ್ಲಿ, ಖಾನಾಪುರದ ಅಟ್ಟಗಳಲ್ಲಿ ಇಂಥ ಸೆಟ್ ಇದ್ದವರಲ್ಲಿ ಒಂದು ವಿನಂತಿ. ಡಯಲ್ ಗಾಜನ್ನು ಸ್ಪಿರಿಟ್ ಹಾಕಿ ಒರೆಸಬೇಡಿ. ಅದರ ಹಿಂಬದಿಯ ಅಕ್ಷರಗಳು ಬಟ್ಟೆಗೇ ಅಂಟಿ ಹೋಗುತ್ತವೆ. ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರೆ ಅದನ್ನಂತೂ ಮುಟ್ಟಬೇಡಿ. ಅಂಚೆ ಕಚೇರಿಯ ಹಳೆಯ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕರೆ ಸೆಟ್ಟಿನ ಜೊತೆಗೇ ಇಡಿ.